ಬಿಡ್ಲೋ ಬ್ಯಾಡೋ ಹೇಳ್ರಿ ಮೇಡಂ

ಮೊದ್ಲೇ ಹೇಳ್ಬಿಡ್ತೀನಿ, ಇದನ್ನ ಬರೀಲಾ ಅಂತ ಆ ಹುಡುಗನ್ನೇ ಕೇಳಿ ಒಪ್ಪಿಗೆ ತಗೊಂಡಿದೀನಿ, ಆದ್ರೂ ಗುರುತು ಸಿಗ್ಬಾರ್ದು ಅಂತ ಊರು, ಮನೆ ವಿಚಾರ, ಇನ್ನೂ ಕೆಲವು ವಿವರ ಬದಲಾಯಿಸಿದೀನಿ, ಹೆಸರು ಮಂಜು ಅಂತ ಇಟ್ಕೊಳ್ಳೋಣ. ಹುಡುಗ ಅಂದೆ ನೋಡಿ, ವಯಸ್ಸು 31. ಧಾರವಾಡದ ಸಪ್ತಾಪುರದ ಕಡೆ ಓಡಾಡಿದವ್ರಿಗೆ ಗೊತ್ತಿರತ್ತೆ, ಅಲ್ಲಿ ಕಾಂಪಿಟೇಟಿವ್ ಎಕ್ಸಾಮ್ ಓದೋರು ಎಷ್ಟೇ ವಯಸ್ಸಾದ್ರೂ ಹುಡುಗ್ರೇ. ಮದ್ವೆ ಇಲ್ಲ, ಸಂಬಳ ಇಲ್ಲ, ಒಂದು ರೂಮಲ್ಲಿ ಮೂರು ಜನ, ಖಾನಾವಳಿ ಊಟ, ಆಮೇಲೆ ಲೈಬ್ರರಿ ಸೀಟು. ಲೈಬ್ರರಿ ಅಂದ್ರೆ ಪುಸ್ತಕ ಇರೋ ಜಾಗ ಅನ್ಕೋಬೇಡಿ, ಪ್ಲೈವುಡ್ ಪಾರ್ಟಿಷನ್ ಹಾಕಿ ಒಬ್ಬೊಬ್ರಿಗೆ ಒಂದು ಕುರ್ಚಿ ಒಂದು ಲೈಟು ಕೊಟ್ಟು ತಿಂಗಳ ಬಾಡಿಗೆ ತಗೊಳ್ಳೋ ಹಾಲ್ ಅದು, ಪುಸ್ತಕ ನಮ್ದೇ ಒಯ್ಬೇಕು.

ನಾನು ಶಿವಮೊಗ್ಗ ಕಡೆಯವ್ಳು, ಇಲ್ಲಿಗೆ ಬಂದು 14 ವರ್ಷ ಆಯ್ತು, ಇಲ್ಲಿ ನನ್ನ ಹತ್ರ ಆಪ್ತಸಲಹೆಗೆ ಬರೋರಲ್ಲಿ ಅರ್ಧಕ್ಕರ್ಧ ಇದೇ ಕಥೆ. ಮಂಜು ಕಥೆ ಯಾಕೆ ಬರೀತಿದೀನಿ ಅಂದ್ರೆ ಅದ್ರಲ್ಲಿ ನಾನೂ ಒಂದು ತಪ್ಪು ಮಾಡ್ದೆ.

ಬಂದಿದ್ದು 2025ರ ಜನವರಿಯಲ್ಲಿ. ಕೆಎಎಸ್ ಪ್ರಿಲಿಮ್ಸ್, ಅಂದ್ರೆ ರಾಜ್ಯ ಆಡಳಿತ ಸೇವೆಯ ಮೊದಲ ಹಂತದ ಪರೀಕ್ಷೆ, ಎರಡನೇ ಸಲ ಬರೆದು ಎರಡು ವಾರ ಆಗಿತ್ತು. ನೆನಪಿರ್ಬಹುದು, 384 ಹುದ್ದೆಗೆ 2024ರ ಆಗಸ್ಟ್ 27ಕ್ಕೆ ಪರೀಕ್ಷೆ ಆಯ್ತು, ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತು ಅಂದ್ರೆ ಕನ್ನಡ ಪ್ರಶ್ನೆ ಅರ್ಥ ಆಗೋಕೆ ಇಂಗ್ಲಿಷ್ ಓದ್ಬೇಕಿತ್ತು, ಗಲಾಟೆ ಆಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಿದ್ರು. ಅದ್ರ ಜೊತೆಗೆ ಒಳಮೀಸಲಾತಿ, ಅಂದ್ರೆ ಎಸ್‌ಸಿ ಮೀಸಲಾತಿಯನ್ನ ಒಳಗಿನ ಜಾತಿಗಳಿಗೆ ಹಂಚೋ ವಿಚಾರ ಇತ್ಯರ್ಥ ಆಗೋ ತನಕ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸೋದಿಲ್ಲ ಅಂತ ಸರ್ಕಾರ ಅಕ್ಟೋಬರ್‌ನಲ್ಲೇ ಹೇಳಿತ್ತು. ಅಂದ್ರೆ ಬರೆದಿದ್ದರ ಮೇಲೆ ನಂಬಿಕೆ ಇಲ್ಲ, ಮುಂದೆ ಬರೆಯೋಕೆ ಏನೂ ಇಲ್ಲ.

ಕುರ್ಚಿ ಮೇಲೆ ಕೂರೋ ಮುಂಚೆನೇ ಕೇಳ್ದ. "ಬಿಡ್ಲೋ ಬ್ಯಾಡೋ, ಒಂದ ಮಾತಿನ್ಯಾಗ ಹೇಳ್ರಿ ಮೇಡಂ. ನೀವು ಏನ್ ಹೇಳ್ತೀರಿ ಅದನ್ನ ಮಾಡ್ತೇನಿ."

ನಾನು ಹೇಳ್ಬಿಟ್ಟೆ. ಅದೇ ತಪ್ಪು. ಬಿಡಿ ಅಂತ ನೇರವಾಗಿ ಅನ್ನಲಿಲ್ಲ, ಆದ್ರೆ ಬಿಎಡ್ ಆಗಿದೆಯಲ್ಲ, ಜೂನ್‌ಗೆ ಅತಿಥಿ ಶಿಕ್ಷಕರ ಕರೆ ಬರತ್ತೆ, ಪ್ರೈವೇಟ್ ಸ್ಕೂಲ್ ನೋಡಿ, ಸಹಕಾರಿ ಬ್ಯಾಂಕ್‌ಗಳಲ್ಲಿ ಕೇಳಿ, ಹಿಂಗೆ ಮುಕ್ಕಾಲು ಗಂಟೆ ದಾರಿಗಳನ್ನ ಸುರಿದೆ. ಅವನು ನೋಟ್‌ಬುಕ್ ತೆಗೆದು ಎಲ್ಲಾ ಬರ್ಕೊಂಡ, ಏಳು ವರ್ಷ ಕ್ಲಾಸಲ್ಲಿ ಕೂತು ಅಭ್ಯಾಸ ಆಗಿದೆ ನೋಡಿ, ಯಾರು ಮಾತಾಡಿದ್ರೂ ನೋಟ್ಸ್. ಥ್ಯಾಂಕ್ಸ್ ರೀ ಅಂತ ಹೋದವನು ಮೂರು ವಾರ ಪತ್ತೆ ಇಲ್ಲ. ಆಮೇಲೆ ಗೊತ್ತಾಯ್ತು, ಅದೇ ಪ್ರಶ್ನೆನ ಅವನು ಕೋಚಿಂಗ್ ಸರ್‌ಗೆ, ಸೀನಿಯರ್‌ಗೆ, ರೂಮ್‌ಮೇಟ್‌ಗೆ, ಊರಿನ ಶಾಸ್ತ್ರಿಗಳಿಗೆ ಎಲ್ರಿಗೂ ಕೇಳಿದ್ದ, ನಾನು ಐದನೆಯವ್ಳೋ ಆರನೆಯವ್ಳೋ. ಒಬ್ಬೊಬ್ರು ಒಂದೊಂದು ಹೇಳಿದ್ರೆ ಒಳ್ಳೇದೇ, ಯಾವ್ದನ್ನೂ ಮಾಡ್ಬೇಕಾಗಿಲ್ಲ.

ಎರಡನೇ ಸಲ ಬಂದಿದ್ದು ಆ ಪ್ರಶ್ನೆಗಲ್ಲ, ನಿದ್ದೆಗೆ. ಬೆಳಗಿನ ಜಾವ ಮೂರು ನಾಲ್ಕರ ತನಕ ಕಣ್ಣು ಮುಚ್ಚಲ್ಲ, ಮನೆಯಿಂದ ಫೋನ್ ಬಂದ್ರೆ ಎದೆ ಹಿಡಿದಂಗೆ ಆಗತ್ತೆ, ರಿಂಗ್ ಪೂರ್ತಿ ಆಗೋ ತನಕ ನೋಡ್ತಾ ಕೂತಿರ್ತಾನೆ. ಈ ಸಲ ನಾನು ಮೊದ್ಲು ಮಾಡ್ಬೇಕಾದ್ದನ್ನ ಮಾಡ್ದೆ. ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಯ ಹಾಳೆ ಇದೆ, ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಖಿನ್ನತೆ ಇರಬಹುದು ಅಂತ ಗಂಭೀರವಾಗಿ ನೋಡ್ಬೇಕು, ಅವನಿಗೆ 13 ಬಂತು. ಸಾಯೋ ಯೋಚನೆ ಬಂದಿದೆಯಾ ಅಂತ ನೇರವಾಗೇ ಕೇಳ್ದೆ. ಹಂಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗೆ ಆಗತ್ತೆ ಅಂತ ಮನೆಯವ್ರು ಹೆದರ್ತಾರೆ, ಹಂಗೇನಿಲ್ಲ, ಕೇಳಿದ್ರೆ ಹೇಳೋರಿಗೆ ಹಗುರ ಆಗತ್ತೆ ಅಷ್ಟೆ. "ಸಾಯಬೇಕಂತಲ್ರಿ, ಎಲ್ಲೆರ ಎದ್ದ ಹೋಗಬೇಕ ಅನಸ್ತೈತಿ, ಎಲ್ಲಿಗಂತ ಗೊತ್ತಿಲ್ಲ" ಅಂದ. ನಾನು ಡಾಕ್ಟರ್ ಅಲ್ಲ, ಇಲ್ಲಿನ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್‌ಗೆ ಒಂದ್ಸಲ ತೋರಿಸ್ಕೊಂಡು ಬನ್ನಿ ಅಂತ ಚೀಟಿ ಬರೆದುಕೊಟ್ಟೆ, ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರ್ 14416 ಅವನ ಫೋನಲ್ಲಿ ಅಲ್ಲೇ ಸೇವ್ ಮಾಡಿಸ್ದೆ, ರಾತ್ರಿ ಎರಡು ಗಂಟೆಗೂ ಎತ್ತುತಾರೆ. ನಿದ್ದೆ ಸ್ವಲ್ಪ ದಾರಿಗೆ ಬರೋಕೆ ತಿಂಗಳು ಹಿಡೀತು, ಅಲ್ಲೀ ತನಕ ಕೆರಿಯರ್ ಮಾತೇ ಎತ್ತಲಿಲ್ಲ. ನಿದ್ದೆ ಇಲ್ಲದ ತಲೆಯಲ್ಲಿ ಜೀವನದ ತೀರ್ಮಾನ ತಗೋಬೇಡಿ ಅಂತ ಒಂದು ಮಾತು ಹೇಳಿದ್ದೆ ಅಷ್ಟೆ.

ಆಮೇಲೆ ಒಂದಿನ ಒಂದು ಖಾಲಿ ಹಾಳೆ ಕೊಟ್ಟು, ಇಲ್ಲಿ ತನಕ ಬರೆದ ಪರೀಕ್ಷೆ ಎಲ್ಲಾ ಸಾಲಾಗಿ ಬರೀರಿ, ಪಕ್ಕದಲ್ಲಿ ಕಟ್‌ಆಫ್‌ಗೆ ಎಷ್ಟು ಅಂಕ ಕಮ್ಮಿ ಬಿತ್ತು ಅಂತ ಬರೀರಿ ಅಂದೆ. ಮೌರ್ಯರ ಕಾಲದಿಂದ ಎಲ್ಲಾ ಇಸವಿ ಬಾಯಲ್ಲಿದ್ದವನಿಗೆ ಸ್ವಂತದ್ದು ನೆನಪಾಗ್ಲಿಲ್ಲ, ಫೋನಲ್ಲಿ ಹಳೇ ಪಿಡಿಎಫ್ ಹುಡುಕಿ ಹುಡುಕಿ ಬರೆದ. ಎಫ್‌ಡಿಎ, ಅಂದ್ರೆ ಪ್ರಥಮ ದರ್ಜೆ ಸಹಾಯಕ, 2021, ಅದೇ ಜನವರಿಯಲ್ಲಿ ಪೇಪರ್ ಲೀಕ್ ಆಗಿ ಫೆಬ್ರವರಿ 28ಕ್ಕೆ ಹೋಯ್ತಲ್ಲ, ಅದ್ರಲ್ಲಿ ಮೂರು ಅಂಕ ಕಮ್ಮಿ. ಅದೇ ವರ್ಷ ಅಕ್ಟೋಬರ್ 3ಕ್ಕೆ ಪಿಎಸ್‌ಐ, ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆ, ಹನ್ನೊಂದು ಕಮ್ಮಿ. 2024ರ ಜನವರಿ 23ರ ಪಿಎಸ್‌ಐ ಮರುಪರೀಕ್ಷೆ, ಇಪ್ಪತ್ತನಾಲ್ಕು ಕಮ್ಮಿ. ಕೆಎಎಸ್ ಕೀ ಉತ್ತರ ನೋಡ್ಕೊಂಡು ಹಾಕಿದ ಲೆಕ್ಕದಲ್ಲಿ ಹತ್ರಕ್ಕೂ ಇಲ್ಲ. ಬರೆದು ಮುಗಿಸಿ ಪೆನ್ನು ಕ್ಯಾಪ್ ಹಾಕಿ, ತೆಗೆದು, ಹಾಕಿ, ಬಹಳ ಹೊತ್ತು ಸುಮ್ನೆ ಕೂತ. ಪ್ರತಿ ಸಲ ಸ್ವಲ್ಪದ್ರಲ್ಲಿ ತಪ್ತು ಅಂತ ನಾಲ್ಕು ವರ್ಷದಿಂದ ಊರಿಗೆ ಹೇಳ್ತಾ ಬಂದಿದ್ದ, ತನಗೂ ಹೇಳ್ಕೊಂಡಿದ್ದ, ಸ್ವಲ್ಪದ್ರಲ್ಲಿ ತಪ್ಪಿದ್ದು ಒಂದೇ ಸಲ.

ಇಲ್ಲಿ ಪಿಎಸ್‌ಐ ವಿಚಾರ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇವನ ಗಂಟು ಇದ್ದಿದ್ದು ಅಲ್ಲೇ. 545 ಹುದ್ದೆ, ಪರೀಕ್ಷೆಗೆ ಕೂತವ್ರು 50 ಸಾವಿರಕ್ಕೂ ಹೆಚ್ಚು. ಲಿಸ್ಟಲ್ಲಿ ಇವನ ಹೆಸರು ಇರ್ಲಿಲ್ಲ, ಬೇಜಾರಾಗಿ ಊರಿಗೆ ಹೋಗಿ ಹೊಲದ ಕೆಲಸಕ್ಕೆ ನಿಂತಿದ್ದ, ಬಹುಶಃ ಅಲ್ಲೇ ಮುಗೀತಿತ್ತು. ಅಷ್ಟ್ರಲ್ಲಿ 2022ರಲ್ಲಿ ಅಕ್ರಮ ಹೊರಗೆ ಬಂತು, ಉತ್ತರ ಗುರುತು ಮಾಡೋ ಒಎಂಆರ್ ಶೀಟ್ ತಿದ್ದಿದ್ದು, ಬ್ಲೂಟೂತ್ ಇಟ್ಕೊಂಡು ಬರೆದಿದ್ದು, ಇವನು ಮತ್ತೆ ಧಾರವಾಡಕ್ಕೆ ಬಂದ, ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆ ರದ್ದು. "ಅವತ್ತ ನಮ್ಮ ರೂಮ್‌ನ್ಯಾಗ ಪೇಡೆ ಹಂಚಿದ್ವಿ ಮೇಡಂ" ಅಂದ. ಪ್ರಾಮಾಣಿಕವಾಗಿ ಬರೆದು ಸೆಲೆಕ್ಟ್ ಆದವ್ರ ಮನೆಯಲ್ಲಿ ಅವತ್ತು ಅಳ್ತಿದ್ರು, ಅದನ್ನೂ ಅವನೇ ಹೇಳ್ದ, ತಲೆ ಬಗ್ಗಿಸಿ. ಇವನಿಗೆ ಸಿಕ್ಕಿದ್ದೇನು ಅಂದ್ರೆ ನಾನು ಫೇಲ್ ಆಗಿಲ್ಲ, ನನಗೆ ಮೋಸ ಆಗಿದೆ ಅನ್ನೋ ಒಂದು ಮಾತು. ಮೋಸ ಆಗಿದ್ದು ನಿಜವೇ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಆ ನಿಜದ ಒಳಗೆ ಹನ್ನೊಂದು ಅಂಕ ಅಡಗಿ ಕೂತ್ಬಿಡ್ತು. ಮರುಪರೀಕ್ಷೆಗೆ ಕೋರ್ಟು ಕಚೇರಿ ಅಂತ ಹತ್ರ ಹತ್ರ ಎರಡು ವರ್ಷ ಹೋಯ್ತು, ಆ ಎರಡು ವರ್ಷ ಇವನು ಓದಿದ್ದಕ್ಕಿಂತ ಯೂಟ್ಯೂಬಲ್ಲಿ ಡೇಟ್ ಯಾವಾಗ ಅಂತ ನೋಡಿದ್ದೇ ಜಾಸ್ತಿ. ಇದು ಅವನ ಲೆಕ್ಕ, ನನ್ನದಲ್ಲ.

ನಾನು ಸ್ವಲ್ಪ ಬುದ್ಧಿವಂತಿಕೆ ತೋರಿಸೋಕೆ ಹೋದೆ. 1985ರಲ್ಲಿ ಆರ್ಕ್ಸ್ ಮತ್ತೆ ಬ್ಲೂಮರ್ ಅಂತ ಇಬ್ರು ಅಮೆರಿಕಾದಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದಿದ್ರು, ನಾಟಕದ ಸೀಸನ್ ಟಿಕೆಟ್ಟನ್ನ ಕೆಲವ್ರಿಗೆ ಪೂರ್ತಿ ದುಡ್ಡಿಗೆ, ಕೆಲವ್ರಿಗೆ ರಿಯಾಯಿತಿಗೆ ಕೊಟ್ಟು ನೋಡಿದ್ರೆ ಪೂರ್ತಿ ಕೊಟ್ಟವ್ರೇ ಮೊದಮೊದಲು ಜಾಸ್ತಿ ನಾಟಕಕ್ಕೆ ಬಂದ್ರು, ದುಡ್ಡು ಹಾಕಿದ್ದೀವಲ್ಲ ಅಂತ. ಅದನ್ನ ಹೇಳ್ದೆ. ಅವನು ನನ್ನ ಮುಖ ನೋಡಿ, "ಏಳ್ ವರ್ಷ ನಾಟಕದ ಟಿಕೆಟ್ ಅಲ್ರಿ ಮೇಡಂ" ಅಂದ. ಸರಿಯಾಗೇ ಹೇಳ್ದ. ಕೆಲಸಕ್ಕೆ ಬಂದಿದ್ದು ಬೇರೆ ಪ್ರಶ್ನೆ. ನಿಮ್ಮ ತಮ್ಮನಿಗೇ 31 ಆಗಿ, ಇದೇ ಹಾಳೆ ಕೈಯಲ್ಲಿ ಹಿಡ್ಕೊಂಡು ಇವತ್ತು ಧಾರವಾಡಕ್ಕೆ ಬಂದು ಅಣ್ಣಾ ನನಗೊಂದು ರೂಮ್ ಮಾಡಿಕೊಡು ಅಂದ್ರೆ ಏನ್ ಮಾಡ್ತೀರಿ ಅಂದೆ. ಯೋಚ್ನೆನೂ ಮಾಡಲಿಲ್ಲ, "ಬಸ್ ಸ್ಟ್ಯಾಂಡಿನಿಂದನ ವಾಪಸ್ ಕಳಸ್ತೇನ್ರಿ" ಅಂದು, ಅಂದ್ಮೇಲೆ ತಾನೇ ನಕ್ಕ, ಮೂರು ತಿಂಗಳಲ್ಲಿ ನಾನು ನೋಡಿದ ಮೊದಲ ನಗು.

ಅವತ್ತೂ ಬಿಡಿ ಅನ್ನಲಿಲ್ಲ ನಾನು. ನೋಡಿ, ನಮ್ಮಲ್ಲಿ ನೇಮಕಾತಿಗೆ ವಯಸ್ಸಿನ ಮಿತಿ ಸಾಮಾನ್ಯವಾಗಿ 35, ಹಿಂದುಳಿದ ವರ್ಗಕ್ಕೆ 38, ಎಸ್‌ಸಿ ಎಸ್‌ಟಿಗೆ 40, ಅದ್ರ ಮೇಲೆ ಆಗಾಗ ಸಡಿಲಿಕೆ ಬೇರೆ. ಮಂಜುಗೆ 38ರ ಲೆಕ್ಕದ ಪ್ರಕಾರ ಇನ್ನೂ ಏಳು ವರ್ಷ ಇತ್ತು. ಇದು ವರನೂ ಹೌದು ಶಾಪನೂ ಹೌದು. ನಾನು ಹೇಳಿದ್ದು ಇಷ್ಟೇ, ಅದು ಸರ್ಕಾರದ ಗಡುವು, ಅರ್ಜಿ ತಿರಸ್ಕರಿಸೋಕೆ ಇಟ್ಕೊಂಡಿರೋದು, ನಿಮ್ಮ ಗಡುವು ಎಲ್ಲಿದೆ? ಅದನ್ನ ನೀವೇ ಬರೆದು ಕೊಡ್ಬೇಕು, ತಾರೀಖು ಹಾಕಿ, ಮತ್ತೆ ಏನಾದ್ರೆ ಮುಂದುವರಿಸ್ತೀನಿ ಅನ್ನೋದನ್ನೂ ಈಗ್ಲೇ ಬರೀಬೇಕು, ಆಮೇಲೆ ಮನಸ್ಸಿಗೆ ಬಂದಂಗೆ ತಿದ್ದೋ ಹಾಗಿಲ್ಲ. ಅವನು ಬರೆದ ಷರತ್ತು ನನಗಿಂತ ಕಟ್ಟುನಿಟ್ಟಾಗಿತ್ತು. ಏಪ್ರಿಲ್‌ನಲ್ಲಿ ಹಳೇ ಎಫ್‌ಡಿಎ ಪೇಪರ್ ಮೂರನ್ನ, ಟೈಮ್ ಇಟ್ಟು, ಫೋನ್ ನನ್ನ ಟೇಬಲ್ ಮೇಲಿಟ್ಟು ಬರೀತೀನಿ, ಮೂರ್ರಲ್ಲಿ ಎರಡಾದ್ರೂ ಕಟ್‌ಆಫ್‌ಗಿಂತ ಐದು ಅಂಕದೊಳಗೆ ಬಂದ್ರೆ ಇನ್ನೊಂದು ವರ್ಷ, ಇಲ್ದಿದ್ರೆ ಮೇ 31ಕ್ಕೆ ಲೈಬ್ರರಿ ಸೀಟು ಬಿಡ್ತೀನಿ, ಜೂನ್‌ನಿಂದ ಎಲ್ಲಾದ್ರೂ ದುಡೀತೀನಿ, ಓದೋದಿದ್ರೆ ಬೆಳಗ್ಗೆ ಎರಡು ತಾಸು. ಬರೆದ. ಒಂದ್ರಲ್ಲಿ ಮಾತ್ರ ಹತ್ರ ಬಂದ, ಉಳಿದ ಎರಡ್ರಲ್ಲಿ ಇಲ್ಲ. ಅಷ್ಟರಲ್ಲಿ ಕೆಎಎಸ್ ಪ್ರಿಲಿಮ್ಸ್ ಫಲಿತಾಂಶ ಬಂದು ಹೋಗಿತ್ತು, ಅದ್ರಲ್ಲೂ ನಂಬರ್ ಇರ್ಲಿಲ್ಲ.

ಇನ್ನು ಅಪ್ಪನಿಗೆ ಹೇಳೋದು. ಇದಕ್ಕೆ ಹೆದರಿದಷ್ಟು ಅವನು ಯಾವ್ದಕ್ಕೂ ಹೆದರಿರ್ಲಿಲ್ಲ. ಅವರ ಅವ್ವ ಈಗ್ಲೂ ಎಂಟು ದಿನಕ್ಕೊಮ್ಮೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿ ಬಸ್ಸಿಗೆ ಹಾಕ್ತಾರೆ, ಇವನು ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಹತ್ರ ಇಸ್ಕೋಬೇಕು. "ಆ ಬುತ್ತಿ ಕೈಯಾಗ ತಗೊಂಡಾಗ ಬಿಡ್ತೇನಿ ಅನ್ನಾಕ ಬಾಯಿ ಬರಂಗಿಲ್ರಿ." ನಾನು ಹೇಳ್ದೆ, ಫೋನಲ್ಲಿ ಬೇಡ, ಹಬ್ಬದಲ್ಲೂ ಬೇಡ, ಅಪ್ಪನ್ನ ಇಲ್ಲಿಗೇ ಕರ್ಕೊಂಡು ಬನ್ನಿ, ಹಾಳೆ ತೋರಿಸಿ, ತೀರ್ಮಾನ ಆಗಿದೆ ಅಂತ ಹೇಳಿ, ಏನ್ ಮಾಡ್ಲಿ ಅಂತ ಕೇಳ್ಬೇಡಿ.

ಬಂದ್ರು. ಬಿಳಿ ಟೊಪ್ಪಿಗೆ, ಕೈಯಲ್ಲಿ ಚೀಲ. ಮಗ ಹಾಳೆ ಮುಂದಿಟ್ಟ. ಅವರಿಗೆ ಓದೋಕೆ ಕನ್ನಡಕ ಇರ್ಲಿಲ್ಲ, ಮಗನೇ ಓದಿ ಹೇಳ್ಬೇಕಾಯ್ತು, ಮೂರು, ಹನ್ನೊಂದು, ಇಪ್ಪತ್ತನಾಲ್ಕು. ಅಪ್ಪ ಸಮಾಧಾನ ಮಾಡ್ತಾರೆ ಅನ್ಕೊಂಡಿದ್ದೆ, ಸಿಟ್ಟು ಬಂತು ಅವರಿಗೆ. "ಅಕ್ಕೋರ, ನಾ ಊರಾಗ ಕೇಳಿದವ್ರಿಗೆಲ್ಲ ಇಂಟರ್‌ವ್ಯೂತನಕ ಬಂದಾನ ಅಂತ ಹೇಳೇನಿ, ಈಗ ಯಾವ ಮಾರಿ ತೋರಸ್ಲಿ?" ಮಗ ಅಂಥಾ ಮಾತು ಯಾವತ್ತೂ ಹೇಳಿರ್ಲಿಲ್ಲ, ಅದು ಅಪ್ಪ ತಾವೇ ಸೇರಿಸಿದ್ದು. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡೋಕೆ ಒಂದೊಂದು ಸುಳ್ಳು ಸಾಕ್ಕೊಂಡು ಬಂದಿದ್ರು ಅಂತ ಅವತ್ತು ಆ ಕೋಣೆಯಲ್ಲಿ ಮೂವರಿಗೂ ಒಟ್ಟಿಗೇ ಗೊತ್ತಾಯ್ತು. ನಾನು ಬಾಯಿ ಹಾಕಲಿಲ್ಲ, ನೀರು ತರ್ತೀನಿ ಅಂತ ಎದ್ದು ಹೋಗಿ ಬೇಕಂತಲೇ ಹತ್ತು ನಿಮಿಷ ತಡ ಮಾಡಿ ಬಂದೆ. ಬಂದಾಗ ಅಪ್ಪ ಸಾಲದ ಲೆಕ್ಕ ಹೇಳ್ತಾ ಇದ್ರು, ಮಗ ಅದನ್ನ ಹಾಳೆ ಹಿಂದುಗಡೆ ಬರ್ಕೊಳ್ತಿದ್ದ.

ಕೆಲಸದ ವಿಷಯದಲ್ಲಿ ನಾನು ಹೇಳಿದ್ದು ಒಂದು, ಆಗಿದ್ದು ಒಂದು. ಎಕ್ಸಾಮ್ ಬಿಟ್ಟವ್ರು ಬಹಳ ಜನ ಕೋಚಿಂಗ್ ಸೆಂಟರಲ್ಲೇ ಪಾಠ ಮಾಡೋಕೆ ನಿಲ್ತಾರೆ, ಅದೇ ಓಣಿ, ಅದೇ ಚಹಾ ಅಂಗಡಿ, ಅದಕ್ಕೆ ನನಗೆ ಮನಸ್ಸಿರ್ಲಿಲ್ಲ, ಊರ ಹತ್ರ ಅತಿಥಿ ಶಿಕ್ಷಕ ಆಗಿ ಒಂದು ವರ್ಷ ನೋಡಿ ಅಂದಿದ್ದೆ. ಅವನು ಗದಗ ಕಡೆ ಹನಿ ನೀರಾವರಿ ಸಾಮಾನು ಮಾರೋ ಡೀಲರ್ ಹತ್ರ ಸೇರ್ಕೊಂಡ, ಸೋದರಮಾವನ ಪರಿಚಯ. ಎಂಎ ಬಿಎಡ್ ಮಾಡಿ ಪೈಪು ಮಾರೋದಾ ಅಂತ ನನಗೇ ಒಂದು ಕ್ಷಣ ಅನ್ನಿಸ್ತು, ನಾಚಿಕೆ ಆಯ್ತು ಆಮೇಲೆ. ಮೊದ್ಲು ಒಂದು ತಿಂಗಳು ಸಂಬಳ ಎಷ್ಟು ಕೊಟ್ರೂ ಸರಿ ಅಂತ ಹೋಗಿ ನೋಡಿ, ದಿನಾ ರಾತ್ರಿ ಎರಡು ಸಾಲು ಬರೀರಿ, ಇವತ್ತು ಯಾವ ಹೊತ್ತಲ್ಲಿ ಗಡಿಯಾರ ನೋಡಲಿಲ್ಲ ಅಂತ, ಇಷ್ಟೇ ನನ್ನ ಸಲಹೆ. ಅವನ ಸಾಲುಗಳಲ್ಲಿ ಮಾರಾಟದ ಮಾತು ಕಮ್ಮಿ, ಪೇಪರ್ ಕೆಲಸದ್ದೇ ಜಾಸ್ತಿ ಇತ್ತು, ರೈತರಿಗೆ ಸಬ್ಸಿಡಿ ಅರ್ಜಿ ಹಾಕೋಕೆ ಪಹಣಿ, ಫ್ರೂಟ್ಸ್ ಐಡಿ ಅನ್ನೋ ರೈತರ ನೋಂದಣಿ ನಂಬರ್, ಬ್ಯಾಂಕ್ ಪಾಸ್‌ಬುಕ್ ಹೆಸರು ಎಲ್ಲಾ ತಾಳೆ ಆಗ್ಬೇಕು, ಒಂದು ಅಕ್ಷರ ಆಚೆಈಚೆ ಆದ್ರೂ ವಾಪಸ್ ಬರತ್ತೆ. ಏಳು ವರ್ಷ ಆನ್‌ಲೈನ್ ಅರ್ಜಿ ತುಂಬಿದ ಕೈ, ಅದ್ರಲ್ಲಿ ಅವನನ್ನ ಹಿಡಿಯೋರು ಯಾರು.

ಇದು ಗೆದ್ದ ಕಥೆ ಅಂತ ನಾನು ಹೇಳಲ್ಲ. ಸಂಬಳ ಸಾಧಾರಣ, ಸಾಲ ಇನ್ನೂ ಇದೆ, ನೋಡೋಕೆ ಬಂದ ಒಂದು ಹೆಣ್ಣಿನ ಕಡೆಯವ್ರು ಗೌರ್ಮೆಂಟ್ ನೌಕರಿ ಅಲ್ಲ ಅಂತ ವಾಪಸ್ ಹೋದ್ರಂತೆ. ಆದ್ರೆ ರಾತ್ರಿ ಹನ್ನೊಂದಕ್ಕೆ ಮಲಗ್ತಾನೆ, ಮನೆ ಫೋನ್ ಎತ್ತುತಾನೆ.

ಮೊನ್ನೆ ಫೋನ್ ಮಾಡಿದ್ದ, ಹಳೇ ರೂಮ್‌ಮೇಟ್ ಒಬ್ಬನನ್ನ ನಿಮ್ಮ ಹತ್ರ ಕಳಸ್ತೇನಿ ಅಂತ. ಮಾತಿಗೆ ಮಾತು ಬಂದು, ಆ ನೋಟಿಫಿಕೇಶನ್‌ಗಳ ವಾಟ್ಸಾಪ್ ಗ್ರೂಪಲ್ಲಿ ಇನ್ನೂ ಇದೀರಾ ಅಂದೆ.

"ಮ್ಯೂಟ್ ಮಾಡೇನ್ರಿ ಮೇಡಂ" ಅಂದ, ಸ್ವಲ್ಪ ತಡೆದು, "ಎಕ್ಸಿಟ್ ಆಗಿಲ್ರಿ."

ಇರ್ಲಿ ಬಿಡಿ ಅಂದೆ.