ಮಂಗಳೂರು-ಉಡುಪಿ ಕಡೆ ಮೊದಲಿದ್ದ ಹೈ-ಫೈ (ಒಳ್ಳೆ ಧ್ವನಿಯ ಸ್ಟೀರಿಯೋ ಸೆಟ್) ಹುಚ್ಚು ಈಗ ಯಾಕೆ ಕಾಣುವುದಿಲ್ಲ?

ಒಟ್ಟಿಗೆ ಕೂತು ಕೇಳುವ ಅಭ್ಯಾಸವೇ ಹೋಯಿತು, ಅದೇ ದೊಡ್ಡ ಕಾರಣ. ಎಂಬತ್ತರ ದಶಕದಲ್ಲಿ ಗಲ್ಫ್‌ನಿಂದ ರಜೆಗೆ ಬರುವವರು ಡಬಲ್ ಡೆಕ್ (ಎರಡು ಕ್ಯಾಸೆಟ್ ಹಾಕುವ ಪ್ಲೇಯರ್), ಆಂಪ್ಲಿಫೈಯರ್ ಹೊತ್ತು ತರುತ್ತಿದ್ದರು; ಚಾವಡಿಯಲ್ಲಿ ಯಕ್ಷಗಾನದ ಕ್ಯಾಸೆಟ್ ಹಾಕಿದರೆ ನೆರೆಕರೆಯವರೂ ಬಂದು ಕೂರುತ್ತಿದ್ದರು. ಚೆಂಡೆಯ ಪೆಟ್ಟು ಎದೆಗೆ ತಾಗಬೇಕಾದರೆ ದೊಡ್ಡ ವೂಫರ್ (ತಗ್ಗು ಸ್ವರದ ಸ್ಪೀಕರ್) ಬೇಕೇ ಬೇಕು, ಇಯರ್‌ಫೋನಿನಲ್ಲಿ ಅದು ಸಿಗದು. 1979ರ ವಾಕ್‌ಮನ್, 2001ರ ಐಪಾಡ್, ಆಮೇಲೆ ಮೊಬೈಲ್ ಬಂದು ಕೇಳುವುದು ಒಬ್ಬೊಬ್ಬರದೇ ಆಯಿತು. ಫ್ಲಾಟಿನಲ್ಲಿ ಜೋರಾಗಿ ಹಾಕುವ ಹಾಗೂ ಇಲ್ಲ.

ಆದರೂ ಗಾಳಿ ತಿರುಗುತ್ತಿದೆ. 2022ರಲ್ಲಿ ಅಮೆರಿಕದಲ್ಲಿ, 1987ರ ನಂತರ ಮೊದಲ ಸಲ, ಸಿಡಿಗಿಂತ ಹೆಚ್ಚು ವಿನೈಲ್ ರೆಕಾರ್ಡುಗಳು (ಗ್ರಾಮಫೋನ್ ತಟ್ಟೆಯಂಥವು) ಮಾರಾಟವಾದವು. ನಮ್ಮಲ್ಲೂ ಅವನ್ನು ನುಡಿಸುವ ಹಳೆ ಟರ್ನ್‌ಟೇಬಲ್ ಹುಡುಕುವ ಹುಡುಗರನ್ನು ಕಂಡರೆ ನನಗೆ ತುಂಬ ಖುಷಿ. ಅವರಿಗೊಂದು ಮಾತು: ಮಳೆಗಾಲದ ತೇವಕ್ಕೆ ರೆಕಾರ್ಡಿನ ಕವರುಗಳಿಗೆ ಬೂಸ್ಟು ಹಿಡಿಯುತ್ತದೆ. ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಿ.