ಹಳೆಯ ಸ್ಮರಣ ಸಂಚಿಕೆಗಳನ್ನು ಓಸಿಆರ್ ಮಾಡಿ ಸೇವ್ ಮಾಡುವಾಗ ಯಾವ ಸೆಟ್ಟಿಂಗ್ ಇಡಬೇಕು?

ಡೊಂಬಿವಲಿಯ ನಿಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆ, ಲೆಕ್ಕಪತ್ರಗಳನ್ನೆಲ್ಲ ಓಸಿಆರ್ (ಸ್ಕ್ಯಾನ್ ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರದಿಂದ ಓದಿಸುವುದು) ಮಾಡಲು ಹೊರಟಿದ್ದೀರಿ. ಸೇವ್ ಒತ್ತಿದರೆ ಪಿಡಿಎಫ್‌ನಲ್ಲೇ ಮೂರು ನಾಲ್ಕು ಬಗೆ ಕಾಣುತ್ತಿವೆ, ಜೊತೆಗೆ ವಾಟ್ಸಾಪ್‌ನಲ್ಲಿ ಕಳಿಸುವಷ್ಟು ಚಿಕ್ಕದಾಗಬೇಕು ಅಂತ ಸಮಿತಿಯವರ ಒತ್ತಾಯ. ಮುಲುಂಡ್‌ನಲ್ಲಿ ನಮ್ಮ ಸಂಘದ ಕಪಾಟಿನದೂ ಇದೇ ಕೆಲಸ ನನ್ನ ಪಾಲಿಗೆ ಬಂದಿದೆ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಪುಟದ ಚಿತ್ರ ಮೇಲೆ, ಯಂತ್ರ ಓದಿದ ಅಕ್ಷರ ಅದರ ಅಡಿಯಲ್ಲಿ, ಈ ಬಗೆಯನ್ನೇ ಆರಿಸಿ. ‘ಟೆಕ್ಸ್ಟ್ ಅಂಡರ್ ದ ಪೇಜ್ ಇಮೇಜ್’ ಅಂತಲೋ ‘ಸರ್ಚಬಲ್ ಪಿಡಿಎಫ್’ ಅಂತಲೋ ಇರುತ್ತದೆ. ‘ಟೆಕ್ಸ್ಟ್ ಅಂಡ್ ಪಿಕ್ಚರ್ಸ್ ಓನ್ಲಿ’ ಬೇಡವೇ ಬೇಡ. ಅದು ಪುಟದ ಚಿತ್ರವನ್ನು ಬಿಟ್ಟು, ತಾನು ಓದಿದ್ದನ್ನೇ ಹೊಸದಾಗಿ ಜೋಡಿಸುತ್ತದೆ. ದಾನಿಗಳ ಪಟ್ಟಿಯಲ್ಲಿ ‘ಭಟ್ಟ’ರು ‘ಬಟ್ಟ’ರಾದರೆ, ಸರಿಯೋ ತಪ್ಪೋ ನೋಡಲು ಆ ಫೈಲಿನಲ್ಲಿ ಏನೂ ಉಳಿದಿರುವುದಿಲ್ಲ.

ಕನ್ನಡಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ದ-ಧ, ಬ-ಭ, ಪ-ಫ ಜೋಡಿಗಳನ್ನು ಬೇರೆ ಮಾಡುವುದು ಅಡಿಯಲ್ಲಿರುವ ಒಂದು ಸಣ್ಣ ಸೀಳು, ಅಷ್ಟೇ. ‘ಬ್ಲಾಕ್ ಅಂಡ್ ವೈಟ್’ನಲ್ಲಿ ಸ್ಕ್ಯಾನ್ ಮಾಡಿದರೆ ಪ್ರತಿ ಚುಕ್ಕೆಯೂ ಪೂರ್ತಿ ಕಪ್ಪು ಇಲ್ಲವೇ ಪೂರ್ತಿ ಬಿಳಿ. ಮುಂಬಯಿ ಮಳೆಗಾಲದ ತೇವ ಕುಡಿದು ಹಳದಿಯಾದ, ಶಾಯಿ ಹರಡಿದ ಮೊಳೆ ಅಚ್ಚಿನ ಪುಟದಲ್ಲಿ ಆ ಸೀಳು ಮುಚ್ಚಿಯೇ ಹೋಗುತ್ತದೆ. ಒತ್ತಕ್ಷರಗಳಂತೂ ಮಸಿಯ ಮುದ್ದೆ. ಗ್ರೇಸ್ಕೇಲ್ (ನಡುವಿನ ಬೂದು ಛಾಯೆಗಳೂ ಉಳಿಯುವ ಬಗೆ) ಇಡಿ, 300 ಡಿಪಿಐಗಿಂತ (ಅಂಗುಲಕ್ಕೆ 300 ಚುಕ್ಕೆ) ಕೆಳಗಿಳಿಯಬೇಡಿ, ಸಣ್ಣಕ್ಷರದ ಜಾಹೀರಾತು ಪುಟಗಳಿಗೆ 400. ಈಗಾಗಲೇ 200ರಲ್ಲಿ ಮಾಡಿದ್ದರೆ ದಯವಿಟ್ಟು ಮತ್ತೆ ಮಾಡಿ. ಆಮೇಲೆ ಹಿಗ್ಗಿಸಿದರೆ ಹೋದ ಒತ್ತು ಮರಳುವುದಿಲ್ಲ. ಬಣ್ಣ ಮುಖಪುಟಕ್ಕೆ, ಮೊಹರು ಬಿದ್ದ ಪತ್ರಗಳಿಗೆ ಸಾಕು.

ಗಾತ್ರದ ವಿಷಯ. 300 ಡಿಪಿಐನ ಒಂದು ಎ4 ಪುಟ ಅಂದರೆ 2480×3508 ಚುಕ್ಕೆ. ಗ್ರೇಸ್ಕೇಲ್‌ನಲ್ಲಿ, ಕುಗ್ಗಿಸದೆ ಇಟ್ಟರೆ ಸುಮಾರು 8.7 ಎಂಬಿ. ಕುಗ್ಗಿಸಲೇಬೇಕು ನಿಜ, ಆದರೆ ‘ಲಾಸಿ ಜೆಬಿಗ್2’ ಎಂಬ ಆಯ್ಕೆ ಕಂಡರೆ ಆಫ್ ಮಾಡಿ. ಅದು ಒಂದೇ ಥರ ಕಾಣುವ ಆಕಾರಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದ ಕಡೆಗೆಲ್ಲ ಅದನ್ನೇ ಅಂಟಿಸುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞ, ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳಲ್ಲಿ ಸ್ಕ್ಯಾನ್ ಮಾಡಿದರೆ 6 ಇದ್ದಲ್ಲಿ 8 ಬರುತ್ತಿದೆ ಎಂದು ತೋರಿಸಿಕೊಟ್ಟರು. ಕಾರಣ ಇದೇ. ತಪ್ಪಾದ ಅಂಕೆಯೂ ಸ್ವಚ್ಛವಾಗಿ, ಸ್ಪಷ್ಟವಾಗಿ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಚಾರಿಟಿ ಕಮಿಷನರ್ ಕಚೇರಿಗೆ ಕೊಟ್ಟ ಲೆಕ್ಕಪತ್ರದಲ್ಲಿ ಹಾಗಾದರೆ ಗತಿಯೇನು? ಅದರ ಬದಲು ಜೆಪಿಇಜಿಯಲ್ಲಿ ಕುಗ್ಗಿಸಿ, ಮೇಲ್ಮಟ್ಟದ ಕ್ವಾಲಿಟಿ ಇಡಿ, ಗಾತ್ರ ದೊಡ್ಡದಾದರೆ ಆಗಲಿ.

ಸಮಿತಿಯವರಿಗೆ ಬೇರೆಯೇ ಒಂದು ಚಿಕ್ಕ ಪ್ರತಿ ಮಾಡಿಕೊಡಿ. ಮೂಲ ಫೈಲನ್ನು ಮಾತ್ರ ಇನ್ನಷ್ಟು ಕುಗ್ಗಿಸಬೇಡಿ. ಅದನ್ನು ಪಿಡಿಎಫ್/ಎ ರೂಪದಲ್ಲಿ ಸೇವ್ ಮಾಡಿ; ದೀರ್ಘಕಾಲ ಕಾಪಿಡಲೆಂದೇ 2005ರಲ್ಲಿ ಬಂದ ಅಂತರರಾಷ್ಟ್ರೀಯ (ಐಎಸ್ಒ) ಮಾನಕ ಅದು, ಫಾಂಟ್‌ಗಳೂ ಫೈಲಿನೊಳಗೇ ಸೇರಿರುತ್ತವೆ. ಅದಕ್ಕೆ ಪಾಸ್‌ವರ್ಡ್ ಹಾಕಲಾಗದು, ಆಯ್ಕೆ ಮಸುಕಾಗಿ ಕಂಡರೆ ಗಾಬರಿಯಾಗಬೇಡಿ. ಉಚಿತ ತಂತ್ರಾಂಶ ಬೇಕಿದ್ದರೆ ಓಸಿಆರ್‌ಮೈಪಿಡಿಎಫ್ ಬಳಸಿ. ಟೆಸರ‍್ಯಾಕ್ಟ್‌ ಎಂಬ ಓಸಿಆರ್ ತಂತ್ರಾಂಶದಿಂದ ಓದಿಸಿ, ತಾನಾಗಿಯೇ ಪಿಡಿಎಫ್/ಎ ಕೊಡುತ್ತದೆ. ಕನ್ನಡ, ಮರಾಠಿ ಎರಡರ ಭಾಷಾ ಫೈಲೂ ಸಿಗುತ್ತವೆ. ನಮ್ಮೂರ ಸಂಘಗಳ ಕಡತ ಅಂದಮೇಲೆ ಮರಾಠಿ ಪತ್ರ ಇದ್ದೇ ಇರುತ್ತದಲ್ಲ, ಅವನ್ನು ಬೇರೆ ಕಟ್ಟು ಮಾಡಿ ಮರಾಠಿಯಲ್ಲೇ ಓದಿಸಿ. ಎಲ್ಲ ಭಾಷೆ ಒಟ್ಟಿಗೆ ಟಿಕ್ ಮಾಡಿದರೆ ನಿಧಾನವೂ ಹೌದು, ತಪ್ಪೂ ಹೆಚ್ಚು.

ಇಡೀ ಕಟ್ಟಿಗೆ ಕೈಹಾಕುವ ಮೊದಲು ತೀರಾ ಹಾಳಾದ ಒಂದು ಪುಟ ಆರಿಸಿ, ಸೇವ್ ಮಾಡಿ, ಮುಚ್ಚಿ ತೆರೆದು, ಒತ್ತಕ್ಷರವಿರುವ ಒಂದು ಹೆಸರನ್ನು ಹುಡುಕಿ ನೋಡಿ. ಸಿಗದಿದ್ದರೆ ಆ ಪುಟ ಯಾವ ಡಿಪಿಐಯಲ್ಲಿತ್ತು ಅಂತ ಇಲ್ಲೇ ಬರೆಯಿರಿ, ನೋಡೋಣ.