ಗಾಜಿಗೆ ಅಂಟಿದ ಮದುವೆಯ ಫೋಟೊ

ಪ್ರಶ್ನೆ: ನಮ್ಮ ಅಜ್ಜ-ಅಜ್ಜಿಯ ಮದುವೆಯ ಫೋಟೊ ಒಂದೇ ಒಂದು ಉಳಿದಿದೆ. ಕಪ್ಪು-ಬಿಳುಪಿನದು, ಗಾಜಿನ ಕಟ್ಟು ಹಾಕಿಸಿದ್ದು. ಅಜ್ಜಿಯ ಭುಜದ ಬಳಿ ಅದು ಗಾಜಿಗೆ ಅಂಟಿಕೊಂಡಿದೆ. ಅಂಚಿನ ಕಪ್ಪು ಭಾಗಗಳು ಓರೆಯಾಗಿ ನೋಡಿದರೆ ಬೆಳ್ಳಿಯಂತೆ ಹೊಳೆಯುತ್ತವೆ. ನೀರಿನಲ್ಲಿ ನೆನೆಸಿದರೆ ಬಿಟ್ಟುಕೊಳ್ಳುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು. ಮಗ ಮೊಬೈಲಿನಲ್ಲೇ ಬಣ್ಣ ತುಂಬಿ ಹೊಸದು ಮಾಡಿಕೊಡುತ್ತೇನೆ ಎನ್ನುತ್ತಾನೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಏನನ್ನೂ ಕೀಳಬೇಡಿ, ನೆನೆಸಲೂ ಬೇಡಿ. ನಮ್ಮ ಮನೆಯಲ್ಲೂ ಇಂಥದೇ ಫೋಟೊ ಇತ್ತು. ಎಲ್ಲ ಬಲ್ಲವನಂತೆ ನಾನು ಕಟ್ಟು ಬಿಚ್ಚಿ, ಮೂಲೆ ಹಿಡಿದು, ಬಹಳ ನಾಜೂಕಿನಿಂದಲೇ ಎಳೆದೆ. ಕಾಗದ ಕೈಗೆ ಬಂತು. ಅಜ್ಜನ ಬಲಗೆನ್ನೆ ಗಾಜಿನ ಮೇಲೆ ಉಳಿಯಿತು. ಆ ಗಾಜನ್ನು ಇವತ್ತಿಗೂ ಎಸೆದಿಲ್ಲ.

ಅಂಥ ಫೋಟೊಗಳಲ್ಲಿ ಚಿತ್ರವಿರುವುದು ಸಾಮಾನ್ಯವಾಗಿ ಕಾಗದದಲ್ಲಲ್ಲ, ಅದರ ಮೇಲೆ ಬಳಿದ ತೆಳುವಾದ ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟಿನಂಥ ವಸ್ತು) ಪದರದಲ್ಲಿ. ನಮಗೆ ಕಪ್ಪಾಗಿ ಕಾಣುವುದು ಅದರೊಳಗಿನ ಬೆಳ್ಳಿಯ ಅತಿ ಸಣ್ಣ ಕಣಗಳು. ತೇವ ತಗುಲಿದರೆ ಜೆಲಟಿನ್ ಉಬ್ಬಿ ಮೆತ್ತಗಾಗುತ್ತದೆ; ಗಾಜು ಒತ್ತಿಕೊಂಡಿದ್ದರೆ ಒಣಗುವಾಗ ಅದನ್ನೇ ಕಚ್ಚಿಕೊಳ್ಳುತ್ತದೆ. ನೀರಿನಲ್ಲಿ ಬಿಡಿಸುವ ಕ್ರಮ ಇಲ್ಲವೆಂದಲ್ಲ, ಆದರೆ ಅದು ಸಂರಕ್ಷಣೆ ಕಲಿತವರ ಕೆಲಸ, ಅವರೂ ಎಲ್ಲ ಫೋಟೊಗಳ ಮೇಲೆ ಅದನ್ನು ಮಾಡುವುದಿಲ್ಲ. ತುಟಿ, ಕೆನ್ನೆಗಳ ಮೇಲೆ ಕೈಯಿಂದ ಹಚ್ಚಿದ ಬಣ್ಣವಿದ್ದರೆ ಅದು ತೊಳೆದುಹೋಗಬಹುದು. ಹಳೆಯ ಪದರ ಕಾಗದವನ್ನೇ ಬಿಟ್ಟು ತೇಲಿಬಿಡಲೂಬಹುದು.

ನೀವು ಮಾಡಬೇಕಾದದ್ದು, ಗಾಜಿನ ಸಮೇತ ಪ್ರತಿ ತೆಗೆಯುವುದು. ಮರದ ಕಟ್ಟನ್ನು ಬಿಡಿಸಿ, ಗಾಜು ಮತ್ತು ಫೋಟೊ ಎರಡನ್ನೂ ಒಟ್ಟಿಗೇ ಸ್ಕ್ಯಾನರ್ ಮೇಲೆ ಬೋರಲಾಗಿ ಇಡಿ. 600 ಡಿಪಿಐ (ಅಂಗುಲಕ್ಕೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಸಾಕು. ಅಂಗೈಯಗಲದ ಫೋಟೊ ಆದರೆ 1200. ಕಪ್ಪು-ಬಿಳುಪಿನದಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕಲೆ ಯಾವುದು ಚಿತ್ರ ಯಾವುದು ಎಂದು ಆಮೇಲೆ ಬೇರ್ಪಡಿಸಲು ಅನುಕೂಲ. ಚಿತ್ರದ ವಿವರ ಕಳೆದುಹೋಗದ ಟಿಫ್ (TIFF) ಬಗೆಯ ಕಡತವಾಗಿ ಉಳಿಸಿಕೊಳ್ಳಿ. ಗಾಜಿನ ದಪ್ಪದಿಂದ ಚಿತ್ರ ಮಸುಕಾಗಿ ಬಂದರೆ ಕ್ಯಾಮೆರಾವನ್ನು ನೇರ ಮೇಲಿನಿಂದ ಹಿಡಿದು, ಎರಡೂ ಪಕ್ಕಗಳಿಂದ ಓರೆಯಾಗಿ ಬೆಳಕು ಬೀಳಿಸಿ ತೆಗೆಯಿರಿ. ಫ್ಲ್ಯಾಶ್ ಮಾತ್ರ ಬೇಡ.

ಅಂಚಿನ ಹೊಳಪು ಬೆಳ್ಳಿಯದೇ. ಗಾಳಿಯ ಮಲಿನತೆಯಿಂದಲೋ ಅಗ್ಗದ ರಟ್ಟಿನಿಂದ ಹೊರಡುವ ಆವಿಯಿಂದಲೋ ಒಳಗಿನ ಕಣಗಳು ಕರಗಿ, ಮೇಲಕ್ಕೆ ಸರಿದು, ಮತ್ತೆ ಬೆಳ್ಳಿಯಾಗಿ ಕೂತಿವೆ. ಬಟ್ಟೆಯಿಂದ ಉಜ್ಜಿದರೆ ಚಿತ್ರವನ್ನೇ ಉಜ್ಜಿದಂತೆ. ಹಿಂಬದಿಯ ಕಂದು ರಟ್ಟನ್ನು ತೆಗೆದು ಆಮ್ಲರಹಿತ ರಟ್ಟು ಹಾಕಿಸಿ, ಗಾಜು ಹಾಗೆಯೇ ಇರಲಿ. ಗೋಡೆಗೆ ಪ್ರತಿಯನ್ನು ತೂಗುಹಾಕಿ, ಮೂಲವನ್ನು ತಂಪಾದ, ಒಣ, ಕತ್ತಲೆಯ ಜಾಗದಲ್ಲಿ ಮಲಗಿಸಿಡಿ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಲಕೋಟೆಗೆ ಮಾತ್ರ ಸೇರಿಸಬೇಡಿ.

ಇನ್ನು ಮಗನ ವಿಚಾರ. ಕಪ್ಪು-ಬಿಳುಪು ಫೋಟೊದಲ್ಲಿ ಬಣ್ಣದ ಮಾಹಿತಿ ಇರುವುದೇ ಇಲ್ಲ. ತಂತ್ರಾಂಶ ಊಹಿಸಿ ತುಂಬುತ್ತದೆ. ಬಣ್ಣಕ್ಕೆ ನನ್ನ ತಕರಾರಿಲ್ಲ, ಮುಖ ತಿದ್ದುವುದಕ್ಕೆ ಇದೆ. ಹೀಗೆ 'ಹೊಸದಾದ' ಒಂದು ಚಿತ್ರದಲ್ಲಿ ಅಜ್ಜಿಯ ಮುಂದಿನ ಹಲ್ಲುಗಳ ನಡುವಿನ ಸಂದೇ ಮಾಯವಾಗಿತ್ತು. ಆ ಸಂದು ಮೂರು ತಲೆಮಾರುಗಳಿಗೆ ಬಂದದ್ದು! ಮಗ ಪ್ರತಿಯ ಮೇಲೆ ಆಡಲಿ, ಕಡತದ ಹೆಸರಿನಲ್ಲೇ 'ತಿದ್ದಿದ್ದು' ಎಂದು ಬರೆದಿಡಲಿ.

ರಟ್ಟು ತೆಗೆದಾಗ ಫೋಟೊದ ಬೆನ್ನನ್ನೂ ನೋಡಿ. ಸ್ಟುಡಿಯೊದ ಮುದ್ರೆ, ತಾರೀಖು ಇದ್ದೀತು. ನಿಂತವರ ಹೆಸರು ಬಲ್ಲ ಹಿರಿಯರಿದ್ದರೆ ಈ ವಾರವೇ ಕೇಳಿ, ಬೇರೆ ಹಾಳೆಯಲ್ಲಿ ಬರೆದಿಡಿ. ಫೋಟೊದ ಮೇಲೆ ಬಾಲ್‌ಪೆನ್ ಬೇಡ. ಒಂದೇ ಪ್ರತಿ ಎಂದು ನಂಬಿ ಕೂರಬೇಡಿ, ಒಂದು ನೆಗೆಟಿವ್‌ನಿಂದ ಹಲವು ಪ್ರತಿಗಳು ಹೋಗಿರಬಹುದು. ಅಜ್ಜಿಯ ತವರಿನ ಕಡೆಯವರನ್ನು ವಿಚಾರಿಸಿ. ನಮ್ಮ ಫೋಟೊದ ಹಿಂದೆ ಪೆನ್ಸಿಲಿನಲ್ಲಿ 'ಇನ್ನೊಂದು ತಂಗಿಗೆ' ಎಂದಿತ್ತು. ಹುಡುಕಿಕೊಂಡು ಹೋದಾಗ ಅದು ಅಜ್ಜಿಯ ತಂಗಿಯ ಮೊಮ್ಮಗಳ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಅಜ್ಜನ ಕೆನ್ನೆ ಪೂರ್ತಿ ಇದೆ.